ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಬೈಕ್ ಲೈಸೆನ್ಸ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಆರ್‌ಟಿಒ ಕಚೇರಿಗಳಲ್ಲಿ ಸ್ವಂತ ಬಳಕೆಗೆ ಬೈಕ್ ಅಥವಾ ಸ್ಕೂಟರ್ ಲೈಸೆನ್ಸ್ ಮಾಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಶುರು ಮಾಡುವ ಮುಂಚೆ

ನನಗೆ ಇಂಗ್ಲಿಷ್ ಓದೋಕೆ ಬರಲ್ಲ. ಬೈಕ್ ಡಿಎಲ್ ಸಿಗುತ್ತಾ?

ಸಿಗುತ್ತದೆ. ಲೈಸೆನ್ಸ್ ಬೇಕಾದವರಿಗೆ ಇಂಗ್ಲಿಷ್ ಗೊತ್ತಿರಬೇಕು ಎಂಬ ಷರತ್ತು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಎಲ್‌ಎಲ್ (ಕಲಿಯುವವರಿಗೆ ಮೊದಲು ಕೊಡುವ ಲರ್ನರ್ ಲೈಸೆನ್ಸ್) ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆಮೇಲೆ ಗಾಡಿ ಓಡಿಸಿ ತೋರಿಸುವ ಟ್ರ್ಯಾಕ್‌ನಲ್ಲಂತೂ ಓದುವುದು, ಬರೆಯುವುದು ಏನೂ ಇಲ್ಲ. ಇಂಗ್ಲಿಷ್ ನಿಜವಾಗಿ ಅಡ್ಡ ಬರುವುದು ಲೈಸೆನ್ಸಿಗಾಗಿ ಸರ್ಕಾರ ಮಾಡಿರುವ ಸಾರಥಿ ವೆಬ್‌ಸೈಟಿನ ಅರ್ಜಿಯಲ್ಲಿ ಮತ್ತು ಮೊಬೈಲಿಗೆ ಬರುವ ಮೆಸೇಜುಗಳಲ್ಲಿ. ಜನ ಹೆದರುವುದು ಪರೀಕ್ಷೆಗೆ, ಎಡವುವುದು ಅರ್ಜಿಯಲ್ಲಿ.

ಎಸ್‌ಎಸ್‌ಎಲ್‌ಸಿ ಮುಗಿಸಿಲ್ಲ, ಮಾರ್ಕ್ಸ್ ಕಾರ್ಡೇ ಇಲ್ಲ. ಏನ್ಮಾಡ್ಲಿ?

ಮಾರ್ಕ್ಸ್ ಕಾರ್ಡ್ ಕೇಳುತ್ತಿದ್ದುದು ವಯಸ್ಸಿನ ದಾಖಲೆಯಾಗಿ, ಓದಿನ ದಾಖಲೆಯಾಗಿ ಅಲ್ಲ. ಅದರ ಬದಲು ಆಧಾರ್, ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಕೊಡಬಹುದು. ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವಿದ್ದದ್ದು ಲಾರಿ, ಟ್ಯಾಕ್ಸಿಯಂಥ ಸಾರಿಗೆ ವಾಹನಗಳಿಗೆ. ಅದನ್ನೂ 2019ರಲ್ಲಿ ತೆಗೆದುಹಾಕಿದ್ದಾರೆ. ಸ್ವಂತ ಬೈಕಿಗೆ ಓದಿನ ಷರತ್ತಿಲ್ಲ.

ಮಗನಿಗೆ ಹದಿನಾರು ತುಂಬಿದೆ. ಸ್ಕೂಟಿಗೆ ಎಲ್‌ಎಲ್ ಕೊಡ್ತಾರಂತೆ, ಹೌದಾ?

ಕಾಯ್ದೆ ಹದಿನಾರಕ್ಕೆ ಅವಕಾಶ ಕೊಟ್ಟಿರುವುದು 50 ಸಿಸಿ ದಾಟದ ಎಂಜಿನ್ನಿಗೆ ಮಾತ್ರ. ಈಗ ಶೋರೂಮುಗಳಲ್ಲಿ ಸಿಗುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 110, 125 ಸಿಸಿಯವು. ಅವಕ್ಕೆ 18 ತುಂಬಲೇಬೇಕು. ಅಷ್ಟರೊಳಗೆ ಗಾಡಿ ಕೊಟ್ಟರೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮು ಬೀಳುತ್ತದೆ: ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಡ ಅಂತ ಅಂಗಡಿಯವ್ರು ಹೇಳಿದ್ರು.

ಗಂಟೆಗೆ 25 ಕಿಲೋಮೀಟರ್ ದಾಟದ, 250 ವಾಟ್‌ಗಿಂತ ಕಡಿಮೆ ಮೋಟರಿನ ಗಾಡಿಗಳಿಗೆ ಮಾತ್ರ ಆ ಮಾತು ನಿಜ. ನಂಬರ್ ಪ್ಲೇಟ್ ಇರುವ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಕು.

ಗೇರ್ ಇರೋದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಲೈಸೆನ್ಸಾ?

ವರ್ಗ ಬೇರೆ. ಗೇರ್ ಬೈಕಿನಲ್ಲಿ ಪಾಸಾದವರು ಗೇರ್ ಇಲ್ಲದ ಸ್ಕೂಟರನ್ನೂ ಓಡಿಸಬಹುದು. ಸ್ಕೂಟರಿನಲ್ಲಿ ಪಾಸಾದವರು ಬೈಕ್ ಮುಟ್ಟುವ ಹಾಗಿಲ್ಲ. ಅರ್ಜಿಯಲ್ಲಿ ಇವೆರಡನ್ನೂ ಇಂಗ್ಲಿಷ್ ಅಕ್ಷರಗಳ ಗುಂಪಾಗಿ ತೋರಿಸುವುದರಿಂದ ತಪ್ಪು ಆಯ್ಕೆ ಬಹಳ ಆಗುತ್ತದೆ. ಸುಲಭದ ಗುರುತು ಇದು: ಗುಂಪಿನಲ್ಲಿ ಕೊನೆಯಿಂದ ಎರಡನೆಯ ಅಕ್ಷರ ಸೊನ್ನೆಯ ಹಾಗೆ ದುಂಡಗಿದ್ದರೆ ಅದು ಗೇರ್ ಇಲ್ಲದ್ದು. ದುಂಡನೆಯ ಅಕ್ಷರ ಇಲ್ಲದ ನಾಲ್ಕಕ್ಷರದ ಗುಂಪು ಗೇರ್ ಇರುವುದು. ಮುಂದೆ ಯಾವತ್ತಾದರೂ ಬೈಕ್ ಓಡಿಸುವ ಆಸೆ ಇದ್ದರೆ ಈಗಲೇ ಗೇರಿನದ್ದಕ್ಕೆ ಹಾಕಿ.

## ಅರ್ಜಿ ತುಂಬುವುದು

ಸಾರಥಿ ಅರ್ಜಿ ಪೂರಾ ಇಂಗ್ಲಿಷ್‌ನಾಗ ಐತ್ರಿ. ಹೆಂಗ ತುಂಬಬೇಕ್ರಿ?

ಮೊದಲು ರಾಜ್ಯ ಆರಿಸಿ, ಆಮೇಲೆ ಲರ್ನರ್ ಲೈಸೆನ್ಸ್ ಅರ್ಜಿ ತೆರೆಯಿರಿ. ಅಲ್ಲಿ ಆಧಾರ್ ಮೂಲಕವೋ, ಆಧಾರ್ ಇಲ್ಲದೆಯೋ ಎಂದು ಕೇಳುತ್ತದೆ. ಆಧಾರ್‌ಗೆ ನಿಮ್ಮ ಮೊಬೈಲ್ ಜೋಡಣೆ ಆಗಿದ್ದರೆ ಆ ದಾರಿಯೇ ಒಳ್ಳೆಯದು. ಹೆಸರು, ವಿಳಾಸ, ಫೋಟೋ ತಾನಾಗಿ ಬಂದು ಕೂರುತ್ತವೆ, ಇಂಗ್ಲಿಷ್‌ನಲ್ಲಿ ಟೈಪ್ ಮಾಡುವ ಕೆಲಸ ಅರ್ಧಕ್ಕರ್ಧ ತಪ್ಪುತ್ತದೆ.

ಉಳಿದ ಅಂಕಣಗಳಲ್ಲಿ ಜನ ನಿಲ್ಲುವ ಜಾಗಗಳು ಇವು. ‘ರಿಲೇಷನ್’ ಎಂದರೆ ಮುಂದೆ ಬರೆಯುವ ಹೆಸರಿನವರು ನಿಮಗೆ ತಂದೆಯೋ, ತಾಯಿಯೋ, ಗಂಡನೋ ಎಂಬ ಆಯ್ಕೆ. ‘ಐಡೆಂಟಿಫಿಕೇಶನ್ ಮಾರ್ಕ್’ ಎಂದರೆ ಮೈಮೇಲಿನ ಮಚ್ಚೆ ಅಥವಾ ಗಾಯದ ಗುರುತು. ‘ಪ್ರೆಸೆಂಟ್ ಅಡ್ರೆಸ್’ ಈಗ ಇರುವ ಮನೆ, ‘ಪರ್ಮನೆಂಟ್ ಅಡ್ರೆಸ್’ ಊರಿನ ಮನೆ. ಎರಡೂ ಒಂದೇ ಆಗಿದ್ದರೆ ಎರಡನೆಯದನ್ನು ಮತ್ತೆ ತುಂಬಬೇಕಾಗಿಲ್ಲ, ಪಕ್ಕದ ಚೌಕದಲ್ಲಿ ಟಿಕ್ ಒತ್ತಿ. ‘ಆರ್ಗನ್ ಡೊನೇಶನ್’ ಅಂಗಾಂಗ ದಾನದ ಪ್ರಶ್ನೆ. ಅದಕ್ಕೆ ಹೌದು ಅಂದರೂ ಇಲ್ಲ ಅಂದರೂ ಲೈಸೆನ್ಸಿಗೆ ತೊಂದರೆ ಇಲ್ಲ, ಆದರೆ ಏನೆಂದು ತಿಳಿಯದೆ ಒತ್ತಬೇಡಿ.

ಸಬ್ಮಿಟ್ ಒತ್ತುವ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ: ಹುಟ್ಟಿದ ದಿನಾಂಕ, ಮತ್ತು ಹೆಸರಿನ ಒಂದೊಂದು ಅಕ್ಷರ. ಸೈಬರ್‌ನಲ್ಲಿ ತುಂಬಿಸುತ್ತಿದ್ದರೆ ನಿಮ್ಮ ಆಧಾರ್ ಕಾರ್ಡನ್ನು ಪರದೆಯ ಪಕ್ಕದಲ್ಲಿ ಹಿಡಿದು ಅಕ್ಷರದ ಆಕಾರ ಹೋಲಿಸಿದರೂ ಸಾಕು, ಓದಲು ಬರಲೇಬೇಕೆಂದಿಲ್ಲ. ಕೊನೆಗೆ ಬರುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಕ್ಕೂ ಅದೇ ಕೀಲಿ.

ಆರೋಗ್ಯದ ಬಗ್ಗೆ ಯೆಸ್, ನೋ ಕೇಳುತ್ತೆ. ಎಲ್ಲಕ್ಕೂ ನೋ ಒತ್ತಿದ್ರೆ ಮುಗೀತಲ್ವಾ?

ಇಲ್ಲ. ಅರ್ಥವಾಗದೆ ಎಲ್ಲಕ್ಕೂ ಒಂದೇ ಉತ್ತರ ಒತ್ತಿದವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇದು ನಮೂನೆ 1, ನೀವೇ ಕೊಡುವ ಆರೋಗ್ಯದ ಘೋಷಣೆ. ಅದು ಕೇಳುವುದಿಷ್ಟು: ಮೂರ್ಛೆರೋಗ ಅಥವಾ ಇದ್ದಕ್ಕಿದ್ದಂತೆ ತಲೆಸುತ್ತಿ ಪ್ರಜ್ಞೆ ತಪ್ಪುವುದು ಇದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ, ಕೈ ಅಥವಾ ಕಾಲು ಕಳೆದುಕೊಂಡಿದ್ದೀರಾ ಅಥವಾ ಅದರ ಚಲನೆಯಲ್ಲಿ ಊನ ಇದೆಯೇ, ಕೆಂಪು ಮತ್ತು ಹಸಿರು ಬಣ್ಣ ಬೇರೆ ಬೇರೆಯಾಗಿ ಗೊತ್ತಾಗುತ್ತವೆಯೇ, ಇರುಳುಗಣ್ಣು ಇದೆಯೇ, ಸಾಮಾನ್ಯ ಹಾರ್ನ್ ಕೇಳಿಸದಷ್ಟು ಕಿವುಡು ಇದೆಯೇ, ಓಡಿಸಿದರೆ ಜನಕ್ಕೆ ಅಪಾಯವಾಗುವಂಥ ಬೇರೆ ಕಾಯಿಲೆ ಇದೆಯೇ.

ಆರೋಗ್ಯವಂತರಾದರೆ ನಂಬರ್ ಪ್ಲೇಟ್ ಮತ್ತು ಬಣ್ಣದ ಪ್ರಶ್ನೆ, ಈ ಎರಡಕ್ಕೆ ಮಾತ್ರ ಯೆಸ್. ಉಳಿದವಕ್ಕೆ ನೋ. ತೊಂದರೆ ಇರುವವರು ಮುಚ್ಚಿಡಬೇಡಿ, ಆ ಘೋಷಣೆ ನಿಮ್ಮ ಸಹಿಯ ಮೇಲೆ ನಿಂತಿರುತ್ತದೆ. 40 ದಾಟಿದವರು ಇದರ ಜೊತೆ ವೈದ್ಯರ ಸಹಿ ಇರುವ ನಮೂನೆ 1ಎ ಕೂಡ ಕೊಡಬೇಕು.

ನನ್ನ ಹತ್ರ ಕೀಪ್ಯಾಡ್ ಫೋನ್ ಇರೋದು. ಬ್ರೋಕರ್ ತನ್ನ ನಂಬರನ್ನೇ ಹಾಕ್ತೀನಿ ಅಂತಾನೆ.

ಬೇಡ. ಓಟಿಪಿ, ಪರೀಕ್ಷೆಯ ಪಾಸ್‌ವರ್ಡ್, ಪರೀಕ್ಷೆಗೆ ಕಾಯ್ದಿರಿಸಿದ ಸ್ಲಾಟ್ ದಿನಾಂಕ ಎಲ್ಲ ಬರುವುದು ಆ ನಂಬರಿಗೆ. ಮೆಸೇಜ್ ಬರಲು ಕೀಪ್ಯಾಡ್ ಫೋನೇ ಸಾಕು. ಬ್ರೋಕರ್ ನಂಬರ್ ಒಮ್ಮೆ ಹತ್ತಿಕೊಂಡರೆ ವರ್ಷಗಳ ನಂತರ ನವೀಕರಣಕ್ಕೂ ಅವನನ್ನೇ ಹುಡುಕಬೇಕು. ಏನು ಬರೆದಿದೆ ಎಂದು ಯಾರಾದರೂ ಓದಿ ಹೇಳದ ಹೊರತು ಇಂಗ್ಲಿಷ್ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ.

ಸರ್ಕಾರಕ್ಕೆ ಕಟ್ಟೋದು ಎಷ್ಟು?

ಕೇಂದ್ರ ನಿಯಮಗಳ ಪ್ರಕಾರ ಒಂದು ವರ್ಗಕ್ಕೆ ಎಲ್‌ಎಲ್ 150, ಎಲ್‌ಎಲ್ ಪರೀಕ್ಷೆ 50, ಗಾಡಿ ಓಡಿಸುವ ಪರೀಕ್ಷೆ 300, ಡಿಎಲ್ ವಿತರಣೆ 200 ರೂಪಾಯಿ. ಸ್ಮಾರ್ಟ್ ಕಾರ್ಡ್ ಮತ್ತು ಸೇವಾ ಶುಲ್ಕ ಬೇರೆ, ಕಟ್ಟುವ ಮೊದಲು ಪರದೆಯಲ್ಲಿ ಒಟ್ಟು ಕಾಣುತ್ತದೆ. ಸೈಬರ್‌ನವರು ಕೇಳುವುದು ಅವರ ಕೂಲಿ. ರಸೀದಿಯಲ್ಲಿರುವ ಅಂಕಿ ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

## ಎಲ್‌ಎಲ್ ಪರೀಕ್ಷೆ

ಮನೇಲೇ ಕೂತು ಬರೀಬಹುದಾ, ಆರ್‌ಟಿಒಗೆ ಹೋಗ್ಬೇಕಾ?

ಆಧಾರ್ ದಾರಿಯಲ್ಲಿ ಬಂದವರು ಮನೆಯಿಂದಲೇ ಬರೆಯಬಹುದು. ಕ್ಯಾಮೆರಾ ಇರುವ ಕಂಪ್ಯೂಟರ್ ಅಥವಾ ಫೋನ್, ನಿಲ್ಲದ ಇಂಟರ್‌ನೆಟ್, ಮುಖಕ್ಕೆ ಬೆಳಕು ಬೇಕು. ಮೊದಲು ರಸ್ತೆ ಸುರಕ್ಷತೆಯ ವಿಡಿಯೋ ಪೂರ್ತಿ ನೋಡಬೇಕು. ಅದನ್ನು ನೋಡದೆ ಮುಂದೆ ಬಿಡುವುದಿಲ್ಲ. ಆಮೇಲೆ ಬರುವ ಭಾಷೆಯ ಆಯ್ಕೆಯನ್ನು ದಾಟಿಸಿಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್‌ನಲ್ಲಿ ಬಂದು ನಿಲ್ಲುತ್ತವೆ. ಅಲ್ಲೇ ‘ಕನ್ನಡ’ ಆರಿಸಿ.

ಓದು ನಿಧಾನ ಇರುವವರಿಗೆ ಆರ್‌ಟಿಒ ಕಚೇರಿಯೇ ವಾಸಿ. ಯಂತ್ರ ತಕರಾರು ಮಾಡಿದರೆ ಕನ್ನಡದಲ್ಲಿ ಕೇಳಲು ಅಲ್ಲಿ ಒಬ್ಬ ಮನುಷ್ಯ ಇರುತ್ತಾರೆ.

ಕನ್ನಡ ಆರಿಸಿದ್ರೂ ಪ್ರಶ್ನೆ ಅರ್ಥ ಆಗ್ಲಿಲ್ಲ. ಇದ್ಯಾವ ಕನ್ನಡ ಸ್ವಾಮಿ?

ಕಚೇರಿಯ ಕನ್ನಡ. ಇಂಗ್ಲಿಷ್ ಬಾರದವರು ನಿಜವಾಗಿ ಅಂಕ ಕಳೆದುಕೊಳ್ಳುವುದು ಇಲ್ಲಿ, ಏಕೆಂದರೆ ಬೀದಿಯಲ್ಲಿ ನಾವು ಆಡುವ ಓವರ್‌ಟೇಕ್, ಲೈಸೆನ್ಸ್, ಆರ್‌ಸಿ, ಸಿಗ್ನಲ್ ಯಾವುದೂ ಪರದೆಯಲ್ಲಿ ಹಾಗೇ ಬರಬೇಕೆಂದಿಲ್ಲ. ಸಮಯ ಮಿತಿಯೂ ಇರುವುದರಿಂದ ಪದದ ಮುಂದೆ ತಡವರಿಸುತ್ತಾ ಕೂರಲಾಗದು. ಮೊದಲೇ ಪರಿಚಯ ಮಾಡಿಕೊಳ್ಳಬೇಕಾದ ಮಾತುಗಳು ಕೈಬೆರಳೆಣಿಕೆಯಷ್ಟೇ:

ಚಾಲನಾ ಅನುಜ್ಞಾಪತ್ರ ಎಂದರೆ ಡಿಎಲ್, ಕಲಿಕಾ ಅನುಜ್ಞಾಪತ್ರ ಎಂದರೆ ಎಲ್‌ಎಲ್. ನೋಂದಣಿ ಪ್ರಮಾಣಪತ್ರ ಎಂದರೆ ಆರ್‌ಸಿ, ವಿಮೆ ಎಂದರೆ ಇನ್ಶೂರೆನ್ಸ್. ಹಿಂದಿಕ್ಕುವುದು ಓವರ್‌ಟೇಕ್. ಪಾದಚಾರಿ ನಡೆದುಹೋಗುವವರು, ಪಾದಚಾರಿ ದಾಟು ಜೀಬ್ರಾ ಪಟ್ಟೆ. ಹಿಂಬದಿ ಸವಾರ ಹಿಂದೆ ಕೂತವರು. ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ಎಂದರೆ ಗೇಟು, ಗೇಟ್‌ಮ್ಯಾನ್ ಇಲ್ಲದ ಹಳಿ. ನಿಲುಗಡೆ ಎಂದರೆ ಪಾರ್ಕಿಂಗ್. ಮಂದ ದೀಪ ಎಂದರೆ ಹೆಡ್‌ಲೈಟಿನ ಡಿಮ್.

ಇನ್ನೊಂದು ಎಚ್ಚರಿಕೆ. ‘ಬಾರದು’, ‘ನಿಷೇಧಿಸಲಾಗಿದೆ’, ‘ಹೊರತುಪಡಿಸಿ’ ಎಂಬ ಮಾತುಗಳು ವಾಕ್ಯದ ತುದಿಯಲ್ಲಿ ಬರುತ್ತವೆ. ಅರ್ಧ ಓದಿ ಒತ್ತಿದರೆ ಗೊತ್ತಿದ್ದ ಉತ್ತರವೇ ತಲೆಕೆಳಗಾಗುತ್ತದೆ.

ರಸ್ತೆ ಚಿಹ್ನೆಗಳನ್ನ ನೆನಪಿಟ್ಕೊಳ್ಳೋದು ಹೇಗೆ?

ಆಕಾರ ಹಿಡಿಯಿರಿ. ಕೆಂಪು ಅಂಚಿನ ವೃತ್ತ ಆಜ್ಞೆ, ಮೀರಿದರೆ ದಂಡ. ಕೆಂಪು ಅಂಚಿನ ತ್ರಿಕೋನ ಮುನ್ನೆಚ್ಚರಿಕೆ. ನೀಲಿ ಚೌಕ ಅಥವಾ ಆಯತ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್. ಎರಡು ಚಿಹ್ನೆಗಳ ಆಕಾರ ಬೇರೆ. ಎಂಟು ಮೂಲೆಯ ಕೆಂಪು ಫಲಕ ‘ನಿಲ್ಲಿ’, ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’. ನೀಲಿ ವೃತ್ತದ ಮೇಲೆ ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಗೆರೆಗಳು ಕತ್ತರಿಯಂತೆ ಇದ್ದರೆ ಕ್ಷಣ ಹೊತ್ತೂ ನಿಲ್ಲಿಸುವಂತಿಲ್ಲ. ಈ ಎರಡನ್ನು ಅದಲುಬದಲು ಮಾಡುವವರು ಬಹಳ. ಚಿತ್ರದ ಪ್ರಶ್ನೆಗಳಿಗೆ ಭಾಷೆಯ ಹಂಗಿಲ್ಲ, ಓದು ಕಷ್ಟ ಎನ್ನುವವರು ಮೊದಲು ಇವನ್ನೇ ಗಟ್ಟಿ ಮಾಡಿಕೊಳ್ಳುವುದು ಜಾಣತನ.

ಚಿತ್ರ ಬಿಟ್ಟು ಇನ್ನೇನು ಓದ್ಕೋಬೇಕು?

ಕೇಂದ್ರ ನಿಯಮ ಹೇಳುವ ವಿಷಯಗಳು ನಾಲ್ಕು: ಚಿಹ್ನೆ ಮತ್ತು ಸಂಚಾರ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲು ಹಳಿ ದಾಟುವುದು, ಜೊತೆಗಿರಬೇಕಾದ ದಾಖಲೆ.

ರೈಲು ಹಳಿಯ ಉತ್ತರ ಹಲವರಿಗೆ ವಿಚಿತ್ರ ಅನ್ನಿಸುತ್ತದೆ: ಗಾಡಿ ನಿಲ್ಲಿಸಿ, ಇಳಿದು, ಹಳಿಯವರೆಗೆ ನಡೆದು, ಎರಡೂ ಕಡೆ ರೈಲು ಇಲ್ಲವೆಂದು ನೋಡಿಕೊಂಡೇ ದಾಟಬೇಕು. ಹಾರ್ನ್ ಹೊಡೆದು ಬೇಗ ದಾಟುವುದು ಎಂಬ ಆಯ್ಕೆ ಇದ್ದೇ ಇರುತ್ತದೆ, ಅದು ತಪ್ಪು. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಕೆಂಪು ದೀಪ ಮಿಣುಕುತ್ತಿದ್ದರೆ ಪೂರ್ತಿ ನಿಂತು ನೋಡಿ ಹೋಗುವುದು, ಹಳದಿ ಮಿಣುಕುತ್ತಿದ್ದರೆ ನಿಧಾನಿಸಿ ಹೋಗುವುದು. ಘಟ್ಟದ ಕಿರಿದಾದ ದಾರಿಯಲ್ಲಿ ಹತ್ತಿ ಬರುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ಕಾಯಬೇಕು. ಬೈಕಿನಲ್ಲಿ ಹಿಂದೆ ಒಬ್ಬರೇ ಕೂರಬೇಕು. ಕುಡಿತದ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ.

ಪಾಸಾಗಲು ನೂರಕ್ಕೆ 60ರಷ್ಟು ಸರಿ ಉತ್ತರ ಬೇಕು. ಅಂದರೆ 15 ಪ್ರಶ್ನೆಗೆ 9. ಫೇಲಾದರೆ ಮತ್ತೆ 50 ರೂಪಾಯಿ ಕಟ್ಟಿ ಬರೆಯಬೇಕು, ಅರ್ಜಿಯನ್ನು ಹೊಸದಾಗಿ ತುಂಬಬೇಕಾಗಿಲ್ಲ.

## ಟ್ರ್ಯಾಕ್ ಮೇಲೆ

ಎಲ್‌ಎಲ್ ಬಂತು. ಇನ್ನು ಒಬ್ಬನೇ ಓಡಿಸಬಹುದಲ್ಲ?

ನಿಯಮದಲ್ಲಿ ಹಾಗಿಲ್ಲ. ಡಿಎಲ್ ಇರುವವರೊಬ್ಬರು ಕಲಿಸುವವರಾಗಿ ಹಿಂದೆ ಕೂತಿರಬೇಕು. ಅವರ ಹೊರತು ಬೇರೆ ಯಾರನ್ನೂ ಕೂರಿಸುವಂತಿಲ್ಲ. ಗಾಡಿಯ ಮುಂದೆ, ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಫಲಕ ಬೇಕು. ಫಲಕ 18 ಸೆಂಟಿಮೀಟರ್ ಚೌಕಕ್ಕೆ, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆ ಇರಬಾರದು.

ಡಿಎಲ್ ಟೆಸ್ಟಿಗೆ ಯಾವಾಗ ಹಾಕ್ಲಿ?

ಎಲ್‌ಎಲ್ ಕೈಸೇರಿ 30 ದಿನ ಆದ ಮೇಲೆ, 6 ತಿಂಗಳು ಮುಗಿಯುವ ಮುಂಚೆ. ಐದನೇ ತಿಂಗಳವರೆಗೆ ಕಾಯಬೇಡಿ. ಸ್ಲಾಟ್ ಸಿಗದೆ, ಒಮ್ಮೆ ಫೇಲಾಗಿ, ಎಲ್‌ಎಲ್ ಅವಧಿಯೇ ಮುಗಿದು ಮೊದಲಿನಿಂದ ಶುರು ಮಾಡಿದವರಿದ್ದಾರೆ. ಆ ದಿನ ಎಲ್‌ಎಲ್, ಸ್ಲಾಟ್ ಕಾಗದ, ಹೆಲ್ಮೆಟ್ ಮತ್ತು ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಬೇಕು. ಗಾಡಿ ನಿಮ್ಮದೇ ಆಗಿರಬೇಕಿಲ್ಲ. ಆದರೆ ಗೇರಿನದ್ದಕ್ಕೆ ಅರ್ಜಿ ಹಾಕಿ ಸ್ಕೂಟರ್ ತಂದರೆ ನಡೆಯದು.

ಇನ್‌ಸ್ಪೆಕ್ಟರ್ ಇಂಗ್ಲಿಷ್‌ನಲ್ಲಿ ಏನಾದ್ರೂ ಕೇಳಿದ್ರೆ?

ಕನ್ನಡದಲ್ಲಿ ಹೇಳಿ ಸಾರ್/ಮೇಡಂ ಅನ್ನಿ, ಹೇಳುತ್ತಾರೆ. ರಾಜ್ಯದ ಆಡಳಿತ ಭಾಷೆಯೇ ಕನ್ನಡ. ಟ್ರ್ಯಾಕ್‌ನಲ್ಲಿ ಕಿವಿಗೆ ಬೀಳುವುದೂ ‘ಏಯ್ಟ್ ಹಾಕಿ’ (ಅಂದರೆ 8ರ ಆಕಾರದಲ್ಲಿ ಓಡಿಸಿ), ‘ಯೂಟರ್ನ್ ತಗೊಳ್ಳಿ’, ‘ಇಂಡಿಕೇಟರ್ ಹಾಕಿ’ ಎಂಬಂಥ ಮಾತೇ. ಗದ್ದಲದಲ್ಲಿ ಕೇಳಿಸದಿದ್ದರೆ ಹೊರಡಬೇಡಿ, ಇನ್ನೊಮ್ಮೆ ಕೇಳಿ. ತಪ್ಪು ತಿಳಿದು ಹೊರಟರೆ ಫೇಲು, ಕೇಳಿದ್ದಕ್ಕೆ ಯಾರೂ ಫೇಲ್ ಮಾಡುವುದಿಲ್ಲ.

ಎಂಟು ಹಾಕುವಾಗ ಕಾಲು ಕೆಳಗೆ ತಾಗ್ತದೆ ಮಾರಾಯ್ರೆ. ಎಂತ ಮಾಡುದು?

ಕಾಲು ತಾಗುವುದಕ್ಕೆ ಕಾರಣ ಹೆಚ್ಚಾಗಿ ವೇಗ ತೀರಾ ಕಮ್ಮಿಯಾಗುವುದು, ಇಲ್ಲವೇ ಕಣ್ಣು ಮುಂದಿನ ಚಕ್ರದ ಮೇಲೆ ಇರುವುದು. ಮೊದಲನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದು, ಕ್ಲಚ್ ಅರ್ಧ ಬಿಟ್ಟು, ವೇಗವನ್ನು ಹಿಂದಿನ ಬ್ರೇಕಿನಿಂದ ಹಗುರವಾಗಿ ತಡೆಯಿರಿ. ಎಂಜಿನ್ ಎಳೆಯುತ್ತಿದ್ದು ಬ್ರೇಕ್ ಹಿಡಿದಿದ್ದರೆ ಗಾಡಿ ಬಿಗಿಯಾಗಿ ನಿಲ್ಲುತ್ತದೆ, ಅಲುಗಾಡದು. ಕ್ಲಚ್ ಪೂರ್ತಿ ಒತ್ತಿಬಿಟ್ಟರೆ ಎಳೆತ ಹೋಗಿ ಒಂದು ಬದಿಗೆ ವಾಲುತ್ತದೆ, ಕಾಲು ತಾನಾಗಿ ಇಳಿಯುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡಿ, ಮುಂಭಾಗ ಕುಸಿದು ಬೀಳಿಸುತ್ತದೆ.

ಸ್ಕೂಟರಿನವರು ಒಂದು ತಿಳಿದಿರಬೇಕು. 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಂಬೈನ್ಡ್ ಬ್ರೇಕ್ ಇದೆ. ಎಡಗೈಯ ಲಿವರ್ ಒತ್ತಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಾಗಾಗಿ ತಿರುವಿನಲ್ಲಿ ಎರಡು ಬೆರಳಿನ ಒತ್ತಡ ಸಾಕು.

ಕಣ್ಣು ಯಾವಾಗಲೂ ಮುಂದಿನ ತಿರುವಿನ ಬಾಯಿಯ ಕಡೆ ಇರಲಿ. ಗದ್ದ ತಿರುಗಿದ ಕಡೆ ಗಾಡಿ ಹೋಗುತ್ತದೆ. ಹಳ್ಳಿಯ ಕಣದಲ್ಲೋ ಶಾಲೆಯ ಮೈದಾನದಲ್ಲೋ ಎರಡು ಇಟ್ಟಿಗೆ ಇಟ್ಟು ಅವುಗಳ ಸುತ್ತ ಎಂಟು ಹಾಕಿ. ಮೊದಲು ಅಗಲವಾಗಿ, ದಿನ ಕಳೆದಂತೆ ಹತ್ತಿರ ಮಾಡುತ್ತಾ. ಪರೀಕ್ಷೆಗೆ ತರುವ ಗಾಡಿಯಲ್ಲೇ ಅಭ್ಯಾಸ ಮಾಡಿ. ಬಾಡಿಗೆಗೆ ತಂದ ಗಾಡಿಯ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಟ್ರ್ಯಾಕ್ ಮೇಲೆ ಗೊತ್ತಾದರೆ ತಡವಾಯಿತು.

ಸೆನ್ಸರ್ ಟ್ರ್ಯಾಕ್ ಅಂದ್ರೆ ಭಯ. ಅದು ಹೇಗಿರುತ್ತೆ?

ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒದಂಥ ಕಡೆ ಇಂಥ ಸ್ವಯಂಚಾಲಿತ ಟ್ರ್ಯಾಕ್ ಇದೆ. ಗೆರೆ ಮುಟ್ಟಿದ್ದು, ದಾಟಿದ್ದು ಸೆನ್ಸರ್ ಮತ್ತು ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ವಾದಕ್ಕೆ ಜಾಗವಿಲ್ಲ, ಶಿಫಾರಸಿಗೂ ಇಲ್ಲ. ಭಾಷೆ ಬಾರದವರಿಗೆ ಇದು ಲಾಭವೇ. ನಿಮ್ಮ ಸರದಿಗೆ ಮುಂಚೆ ಬೇರೆಯವರು ಹೋಗುವುದನ್ನು ನಿಂತು ನೋಡಿ, ಎಲ್ಲಿಂದ ಒಳಗೆ, ಎಲ್ಲಿ ಹೊರಗೆ ಎಂಬುದು ತಿಳಿದುಬಿಡುತ್ತದೆ.

ಗಾಡಿ ಹೊರಡೋ ಹೊತ್ತಿಗೇ ಆಫ್ ಆಗಿಬಿಡ್ತು. ಅದೂ ಫೇಲಾ?

ಗಾಬರಿಯಲ್ಲಿ ಸೈಡ್ ಸ್ಟ್ಯಾಂಡ್ ಎತ್ತಿರುವುದಿಲ್ಲ. ಇತ್ತೀಚಿನ ಹಲವು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತದೆ. ಹೊರಡುವ ಗೆರೆಯ ಹಿಂದೆಯೇ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಹೆಲ್ಮೆಟ್ ಪಟ್ಟಿ, ಸ್ಟ್ಯಾಂಡ್, ಕನ್ನಡಿ, ಇಂಡಿಕೇಟರ್, ಹೆಗಲ ಮೇಲಿಂದ ಹಿಂದಕ್ಕೊಂದು ನೋಟ: ಹೊರಡುವ ಮೊದಲು ಇದೇ ಕ್ರಮ ರೂಢಿ ಮಾಡಿಕೊಳ್ಳಿ.

ಕೈ ಸಿಗ್ನಲ್ ಈಗಲೂ ಕೇಳ್ತಾರಾ?

ಕೇಳುವ ಇನ್‌ಸ್ಪೆಕ್ಟರ್‌ಗಳಿದ್ದಾರೆ. ಎಲ್ಲವೂ ಬಲಗೈಯಲ್ಲೇ. ಬಲಕ್ಕೆ ಹೋಗಲು ಕೈ ನೇರ ಚಾಚಿ ಅಂಗೈ ಮುಂದಕ್ಕೆ. ಎಡಕ್ಕೆ ಹೋಗಲು ಚಾಚಿದ ಕೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಿಸುವುದು. ನಿಧಾನಿಸಲು ಅಂಗೈ ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸುವುದು. ನಿಲ್ಲಲು ಮುಂಗೈ ಮೇಲೆತ್ತುವುದು. ಬಲಗೈ ತೆಗೆದರೆ ಆಕ್ಸಿಲರೇಟರ್ ಬಿಟ್ಟುಹೋಗುತ್ತದಲ್ಲ, ಅದಕ್ಕೇ ಎರಡನೇ ಗೇರಿನ ಓಟದಲ್ಲಿ ತೋರಿಸಿ, ಕೈ ಹ್ಯಾಂಡಲಿಗೆ ಮರಳಿದ ಮೇಲೆ ತಿರುಗಿ.

ಫೇಲಾದೆ. ಮತ್ತೆ ಯಾವಾಗ?

7 ದಿನ ಬಿಟ್ಟು, ಪರೀಕ್ಷಾ ಶುಲ್ಕ ಮತ್ತೆ ಕಟ್ಟಿ. ಮೂರು ಸಲ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಯಾವ ಕಾರಣಕ್ಕೆ ಫೇಲ್ ಎಂದು ಕೇಳಿ ತಿಳಿದುಕೊಂಡೇ ಬನ್ನಿ.

## ಪಾಸಾದ ಮೇಲೆ

ಡಿಎಲ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿದೆ. ಪರವಾಗಿಲ್ವಾ?

ಪೊಲೀಸರು ಹಿಡಿದಾಗ ಬಹುಶಃ ಪರವಾಗಿಲ್ಲ. ವಿಮೆ ಹಣ ಕೇಳುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಆಧಾರ್‌ಗೂ ಡಿಎಲ್‌ಗೂ ತಾಳೆಯಾಗದೆ ಓಡಾಡಬೇಕಾಗುತ್ತದೆ. ಎಲ್‌ಎಲ್ ಹಂತದಲ್ಲೇ ಕಂಡರೆ ಡಿಎಲ್ ಮುದ್ರಣಕ್ಕೆ ಮುಂಚೆ ಕಚೇರಿಯಲ್ಲಿ ತೋರಿಸಿ. ತಿದ್ದುಪಡಿ ಕೋರುವ ಪತ್ರವನ್ನು ಕನ್ನಡದಲ್ಲೇ ಬರೆದುಕೊಡಬಹುದು.

ಕಾರ್ಡ್ ಇನ್ನೂ ಪೋಸ್ಟಲ್ಲಿ ಬಂದಿಲ್ಲ. ಗಾಡಿ ಓಡಿಸಬಹುದಾ?

ಡಿಎಲ್ ನಂಬರ್ ಬಂದಿದ್ದರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಇಳಿಸಿಕೊಳ್ಳಿ. ಅದಕ್ಕೆ ಕಾರ್ಡಿನಷ್ಟೇ ಮಾನ್ಯತೆ ಇದೆ. ಫೋನಿನಲ್ಲಿ ತೆಗೆದ ಬರೀ ಫೋಟೋಗೆ ಇಲ್ಲ.

ಡಿಎಲ್ ಎಷ್ಟು ವರ್ಷ ನಡೆಯುತ್ತೆ?

30ಕ್ಕೆ ಮುಂಚೆ ಮಾಡಿಸಿದರೆ 40 ತುಂಬುವವರೆಗೆ. 30ರಿಂದ 50ರೊಳಗೆ ಮಾಡಿಸಿದರೆ 10 ವರ್ಷ. 50ರಿಂದ 55ರೊಳಗಾದರೆ 60 ತುಂಬುವವರೆಗೆ, ಆಮೇಲೆ 5 ವರ್ಷಕ್ಕೊಮ್ಮೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಪರೀಕ್ಷೆ ಕೊಡಬೇಕು. ದಿನಾಂಕ ಕಾರ್ಡಿನ ಮೇಲೆ ಅಂಕಿಯಲ್ಲೇ ಇರುತ್ತದೆ.

ಕೆಲಸಕ್ಕೆ ಹೊರದೇಶ ಹೋಗ್ತಿದೀನಿ. ಅಲ್ಲೂ ಕನ್ನಡದಲ್ಲಿ ಪರೀಕ್ಷೆ ಸಿಗುತ್ತಾ?

ಅದನ್ನು ನಂಬಿಕೊಂಡು ಹೋಗಬೇಡಿ. ಬ್ರಿಟನ್ನಿನಲ್ಲಿ 2014ರ ಏಪ್ರಿಲ್‌ನಿಂದ ಬೇರೆ ಭಾಷೆಯ ಧ್ವನಿ, ದುಭಾಷಿ ಎರಡನ್ನೂ ನಿಲ್ಲಿಸಿದ್ದಾರೆ. ಅಲ್ಲಿ ಥಿಯರಿ ಪರೀಕ್ಷೆ ಇಂಗ್ಲಿಷ್ ಅಥವಾ ವೆಲ್ಷ್‌ನಲ್ಲಿ ಮಾತ್ರ. ಹೊರಡುವ ಮುಂಚೆ ಇಲ್ಲಿನ ಆರ್‌ಟಿಒದಲ್ಲಿ 1,000 ರೂಪಾಯಿ ಶುಲ್ಕ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬಹುದು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ, ಡಿಎಲ್ ಅದಕ್ಕೂ ಮುಂಚೆ ಮುಗಿಯುವುದಾದರೆ ಅಲ್ಲಿಯವರೆಗೆ. ಅದರಲ್ಲಿ ಬೈಕ್ ಓಡಿಸಲು ನಿಮ್ಮ ಡಿಎಲ್‌ನಲ್ಲಿ ಬೈಕಿನ ವರ್ಗ ಇರಬೇಕು. ಕಾರಿನ ವರ್ಗ ಒಂದೇ ಇದ್ದರೆ ಬೈಕನ್ನು ಇಲ್ಲೇ ಸೇರಿಸಿಕೊಂಡು ಹೋಗಿ, ಕನ್ನಡದಲ್ಲಿ ಆಗುವ ಕೆಲಸ ಅದು.